ಉಳುವವನೇ ಒಡೆಯ: ಒಂದು ಕಲ್ಪನೆಯು ಕಾಯಿದೆಯಾದ ಬಗೆ

ಬಹುಕಾಲ ನಡೆದುಬಂದ ವ್ಯವಸ್ಥೆಯನ್ನು ಜನರು ಕಾಲಕ್ರಮದಲ್ಲಿ ಪ್ರಕೃತಿಯ ನಿಯಮವೆಂದೇ ಭಾವಿಸತೊಡಗುತ್ತಾರೆ. ಮಳೆ ಮೇಲಿನಿಂದ ಬೀಳುವಂತೆ, ಹೊಳೆ ಇಳಿಜಾರಿಗೆ ಹರಿಯುವಂತೆ, ಉತ್ತು ಬಿತ್ತುವವನು ಒಬ್ಬನಾಗಿರುವುದೂ ಕಣದ ರಾಶಿಯಲ್ಲಿ ಹಿರಿಯ ಪಾಲು ಮತ್ತೊಬ್ಬನಿಗೆ ಸಲ್ಲುವುದೂ ನಮ್ಮ ನಾಡಿನಲ್ಲಿ ಸಹಜವೆನಿಸಿದ್ದ ಕಾಲವೊಂದಿತ್ತು. ಅದನ್ನು ಅನ್ಯಾಯವೆಂದು ಕರೆದವರು ವಿರಳ. ಅದು ಬೇರೆಯ ರೀತಿಯಲ್ಲಿಯೂ ಇರಬಹುದೆಂದು ಊಹಿಸಿದವರು ಇನ್ನೂ ವಿರಳ. ಅಂತಹ ಊಹೆಯೊಂದು ಕರ್ನಾಟಕದಲ್ಲಿ ಹೇಗೆ ಹುಟ್ಟಿತು, ಕಾಯಿದೆಯ ರೂಪವನ್ನು ಹೇಗೆ ಪಡೆಯಿತು, ನೆಲದ ಮೇಲೆ ಇಳಿದಾಗ ಏನಾಯಿತು ಎಂಬುದನ್ನು ಇಂದಿನ ವಿದ್ಯಾರ್ಥಿಗಳು ತಿಳಿದಿರುವುದು ಆವಶ್ಯಕ. ಅವರಲ್ಲಿ ಅನೇಕರ ಮನೆಯ ಭೂಮಿಯ ಪತ್ರಗಳಲ್ಲಿ ಈ ಕಥೆಯ ಒಂದು ಪುಟ ಅಡಗಿರುತ್ತದೆ.

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದಲ್ಲಿರುವ ರುದ್ರಪಟ್ಟಣವನ್ನು ನೆನೆದರೆ ಈ ವಿಷಯವು ಸುಲಭವಾಗಿ ಮನಸ್ಸಿಗೆ ಬರುತ್ತದೆ. ಅದು ಸಂಗೀತಕ್ಕೆ ಹೆಸರಾದ ಊರು. ಸಂಕೇತಿ ಬ್ರಾಹ್ಮಣರು ತಲೆಮಾರುಗಳಿಂದ ನೆಲೆಸಿ ವೇದವನ್ನೂ ಗಾನವನ್ನೂ ಬೆಳೆಸಿದ ಊರು. ವಿದ್ವಾನ್ ಆರ್. ಕೆ. ಶ್ರೀಕಂಠನ್ ಅವರು 1920ರಲ್ಲಿ ಜನಿಸಿದ್ದು ಅಲ್ಲಿಯೇ. ಹೊಳೆಯ ಮಗ್ಗುಲಲ್ಲಿ ಗದ್ದೆ. ಸನಿಹದಲ್ಲಿ ಕಟ್ಟೇಪುರದ ಹಳೆಯ ಅಣೆಕಟ್ಟೆ, ಅಲ್ಲಿಂದ ಹೊರಡುವ ನಾಲೆಗಳು. ಆಚೆ ರಾಮನಾಥಪುರ, ಈಚೆ ಕೊಣನೂರು. ಈ ಪ್ರದೇಶದಲ್ಲಿ ನೀರುಂಟು, ನೆಲವುಂಟು, ವಿದ್ಯೆಯುಂಟು. ವಿದ್ಯೆಯನ್ನು ನೆಲವು ಸಲಹಿತು, ನೆಲವನ್ನು ನೀರು ಸಲಹಿತು ಎಂದು ಹೇಳುವುದು ವಾಡಿಕೆ. ನೀರಿಗೂ ವಿದ್ಯೆಗೂ ನಡುವೆ ನೇಗಿಲು ಹಿಡಿದು ನಿಂತಿದ್ದವನ ಹೆಸರು ಮಾತ್ರ ಈ ವಾಡಿಕೆಯ ಮಾತಿನಲ್ಲಿ ಬರುವುದಿಲ್ಲ.

ಈ ಮರೆವು ಹೊಸದಲ್ಲ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಸಂಗ್ರಹಿಸಿ 1902ರಲ್ಲಿ ಪ್ರಕಟಿಸಿದರು. ಅದರಲ್ಲಿಯೂ ಇತರ ಸಂಪುಟಗಳಲ್ಲಿಯೂ ಇರುವ ಅಗ್ರಹಾರದಾನದ ತಾಮ್ರಪಟಗಳನ್ನು ಓದಿದವರಿಗೆ ಅವುಗಳ ಕ್ರಮವು ಪರಿಚಿತವಾದುದು. ಮೊದಲು ದೇವತಾಸ್ತುತಿ, ಅನಂತರ ರಾಜವಂಶದ ವರ್ಣನೆ, ಆಮೇಲೆ ದಾನ ಪಡೆದವರ ಹೆಸರು, ಗೋತ್ರ, ಸೂತ್ರ, ಶಾಖೆ ಮತ್ತು ಅವರವರಿಗೆ ಬಂದ ವೃತ್ತಿಗಳ ಸಂಖ್ಯೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳನ್ನು ಎಣಿಸಿ ಕೊಡುತ್ತಾರೆ. ಎಲ್ಲೆಯನ್ನು ಗುರುತಿಸುವಾಗ ಹುಣಸೆಯ ಮರ, ಹುತ್ತ, ನೆಟ್ಟ ಕಲ್ಲು, ಹಳ್ಳದ ತಿರುವು ಯಾವುದನ್ನೂ ಬಿಡುವುದಿಲ್ಲ. ದಾನ ಕೊಡಲು, ಅಡವಿಡಲು, ಮಾರಲು ಹಕ್ಕುಂಟೆಂದು ಬರೆಯುತ್ತಾರೆ. ಹುತ್ತಕ್ಕೂ ಹುಣಸೆಗೂ ದೊರೆತ ಸ್ಥಾನವು ಆ ನೆಲವನ್ನು ಉಳುತ್ತಿದ್ದ ಮನುಷ್ಯನಿಗೆ ಸಾಮಾನ್ಯವಾಗಿ ದೊರೆಯಲಿಲ್ಲ. ಬರೆದವರು ದುಷ್ಟರಾಗಿದ್ದರೆಂದು ಇದರ ಅರ್ಥವಲ್ಲ. ಅವನ ಹೆಸರನ್ನು ಅಲ್ಲಿ ಬರೆಯಬಹುದೆಂಬ ಕಲ್ಪನೆಯೇ ಅವರಿಗೆ ಬರಲಿಲ್ಲ.

ಇಲ್ಲಿ ಒಂದು ಶಬ್ದವಿಚಾರವನ್ನು ಹೇಳುವುದು ಅಪ್ರಸ್ತುತವಾಗಲಾರದು. ಉಳುವುದು ಎಂಬಲ್ಲಿನ ಧಾತುವನ್ನು ಹಳಗನ್ನಡದಲ್ಲಿ ೞಕಾರದಿಂದ ಬರೆಯುತ್ತಿದ್ದರು. ಉಳ್ಳವನು, ಎಂದರೆ ಸಿರಿಯುಳ್ಳವನು, ಎಂಬಲ್ಲಿರುವುದು ಬೇರೆಯ ಳಕಾರ. ಉಚ್ಚಾರಣೆಯೂ ಬೇರೆ, ಅರ್ಥವೂ ಬೇರೆ. ನಡುಗನ್ನಡದ ಕಾಲಕ್ಕೆ ೞಕಾರವು ಬಳಕೆ ತಪ್ಪಿ ಎರಡಕ್ಕೂ ಒಂದೇ ಅಕ್ಷರವಾಯಿತು. ಉಳುವವನು, ಉಳ್ಳವನು ಎಂಬಿವರು ವರ್ಣಮಾಲೆಯಲ್ಲಿ ಸಮೀಪಕ್ಕೆ ಬಂದು ಶತಮಾನಗಳಾದರೂ ಊರಿನಲ್ಲಿ ದೂರವಾಗಿಯೇ ಉಳಿದರು.

ಹಳೆಯ ಮೈಸೂರಿನ ಭಾಗದಲ್ಲಿ ಉಳುವವನಿಗೂ ಒಡೆಯನಿಗೂ ಇದ್ದ ಒಪ್ಪಂದ ಮುಖ್ಯವಾಗಿ ಎರಡು ಬಗೆಯದು. ಬೆಳೆದುದರಲ್ಲಿ ಪಾಲು ಕೊಡುವುದು ವಾರ. ಬೆಳೆ ಬರಲಿ ಬಿಡಲಿ, ಇಷ್ಟು ಖಂಡುಗವೆಂದು ಗೊತ್ತುಮಾಡಿ ಕೊಡುವುದು ಗುತ್ತ. ವಾರದಲ್ಲಿ ನಷ್ಟವಾದರೆ ಇಬ್ಬರಿಗೂ ಆಗುತ್ತದೆ. ಗುತ್ತದಲ್ಲಿ ಮಳೆ ಕೈಕೊಟ್ಟ ವರ್ಷದ ಭಾರವೆಲ್ಲ ಉಳುವವನ ಹೆಗಲಿಗೇ. ಕರಾವಳಿಯಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಭೇದಗಳಿದ್ದವು. ಮೂಲಗೇಣಿದಾರನಿಗೆ ಸ್ಥಿರವಾದ ಹಕ್ಕಿತ್ತು. ಚಾಲಗೇಣಿಯವನಾದರೋ ಒಡೆಯನು ಏಳೆಂದರೆ ಏಳಬೇಕಾದವನು. ಹೆಸರುಗಳು ಹಲವಾದರೂ ಬಹುಪಾಲು ಒಪ್ಪಂದಗಳಲ್ಲಿ ಒಂದು ಅಂಶ ಸಮಾನವಾಗಿತ್ತು: ಕಾಗದವಿರಲಿಲ್ಲ. ಎಲ್ಲವೂ ಬಾಯಿಮಾತು. ಬಾಯಿಮಾತಿಗೆ ಸಾಕ್ಷಿಯಾಗಿದ್ದುದು ಒಡೆಯನ ಮರ್ಜಿ.

ಈ ವ್ಯವಸ್ಥೆಗೆ ಪೆಟ್ಟು ಬಿದ್ದದ್ದು ಯಾವುದೇ ಮಹಾಗ್ರಂಥದಿಂದಲ್ಲ, ಒಂದು ಅಳತೆಯ ಪಾತ್ರೆಯಿಂದ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡು ಎಂಬ ಗ್ರಾಮದಲ್ಲಿ ಗೇಣಿಯ ಭತ್ತವನ್ನು ಕೊಳಗದಿಂದ ಅಳೆಯುತ್ತಿದ್ದರು. ಗೇಣಿ ಪಡೆಯುವಾಗ ಬಳಸುತ್ತಿದ್ದ ಕೊಳಗವು ವಾಡಿಕೆಯ ಕೊಳಗಕ್ಕಿಂತ ದೊಡ್ಡದು. ಕೊಳಗಕ್ಕೆ ಕೆಲವು ಹಿಡಿ ಹೆಚ್ಚಾದರೆ ಖಂಡುಗಕ್ಕೆ ಎಷ್ಟಾಯಿತು, ವರ್ಷಕ್ಕೆ ಎಷ್ಟಾಯಿತು, ಒಂದು ತಲೆಮಾರಿಗೆ ಎಷ್ಟಾಯಿತು ಎಂಬ ಲೆಕ್ಕವನ್ನು ಹಸಿದವನು ಚೆನ್ನಾಗಿ ಬಲ್ಲನು. ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಎಚ್. ಗಣಪತಿಯಪ್ಪ ಎಂಬವರು ಅವರನ್ನು ರೈತಸಂಘದಲ್ಲಿ ಒಗ್ಗೂಡಿಸಿದರು. ಕೇಳಿದ್ದು ಅಲ್ಪ: ಕೊಳಗವು ಸರಿಯಾದ ಅಳತೆಯದಾಗಲಿ, ಕೊಟ್ಟ ಗೇಣಿಗೆ ರಸೀತಿ ದೊರೆಯಲಿ, ಬಿಟ್ಟಿಯ ದುಡಿಮೆ ನಿಲ್ಲಲಿ. ಇದಕ್ಕೆ ದೊರೆತ ಉತ್ತರವೆಂದರೆ, ಉಳುತ್ತಿದ್ದ ಗದ್ದೆಗೆ ಕಾಲಿಡಬಾರದೆಂಬ ನಿಷೇಧ.

1951ರ ಏಪ್ರಿಲ್ ತಿಂಗಳಲ್ಲಿ ಸತ್ಯಾಗ್ರಹವು ಆರಂಭವಾಯಿತು. ನೇಗಿಲು ಹೊತ್ತು ಗದ್ದೆಗೆ ಇಳಿಯುವುದೇ ಸತ್ಯಾಗ್ರಹ; ಇಳಿದವರನ್ನು ಪೊಲೀಸರು ಬಂಧಿಸುವರು; ಮರುದಿನ ಮತ್ತೊಂದು ತಂಡ ಇಳಿಯುವುದು. ಸಮಾಜವಾದಿ ಪಕ್ಷದ ತರುಣರು, ಶಾಂತವೇರಿ ಗೋಪಾಲಗೌಡರ ಮುಂದಾಳುತನದಲ್ಲಿ, ಹೋರಾಟಕ್ಕೆ ಒದಗಿ ಬಂದರು. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದ ಮೇಲೆ ಕಾಗೋಡಿನ ಹೆಸರು ದೇಶಕ್ಕೆಲ್ಲ ತಿಳಿಯಿತು. ಮರುವರ್ಷದ ಚುನಾವಣೆಯಲ್ಲಿ ಗೋಪಾಲಗೌಡರು ವಿಧಾನಸಭೆಯನ್ನು ಪ್ರವೇಶಿಸಿದರು. ಗಮನಿಸಬೇಕಾದ ಅಂಶವೆಂದರೆ, ಕೊಳಗದ ಗಾತ್ರವನ್ನು ಕುರಿತು ತೊಡಗಿದ ತಕರಾರು ಕೆಲವೇ ತಿಂಗಳುಗಳಲ್ಲಿ ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯಾಗಿ ಬೆಳೆಯಿತು. ಅಳತೆ ಸರಿಯೇ ಎಂಬ ಪ್ರಶ್ನೆಯ ಬೆನ್ನಿಗೇ, ಅಳೆದು ಕೊಡುವುದೇಕೆ ಎಂಬ ಪ್ರಶ್ನೆ ಬಂದಿತು. ಮೊದಲನೆಯದು ತಿದ್ದುಪಡಿಯ ಮಾತು. ಎರಡನೆಯದು ಮಾತ್ರವೇ ಹೊಸ ಕಲ್ಪನೆ.

ಅದೇ ಏಪ್ರಿಲ್ ತಿಂಗಳಲ್ಲಿ ತೆಲಂಗಾಣದ ಪೋಚಂಪಲ್ಲಿಯಲ್ಲಿ ಆಚಾರ್ಯ ವಿನೋಬಾ ಭಾವೆಯವರಿಗೆ ಭೂದಾನದ ಮೊದಲ ಭೂಮಿ ದೊರೆಯಿತೆಂಬುದು ಚರಿತ್ರೆಯ ಒಂದು ಸೋಜಿಗ. ಕೊಡುವವನ ಮನಸ್ಸು ಕರಗಿದರೆ ನೆಲವು ತಾನಾಗಿ ಹಂಚಿಕೆಯಾಗುವುದೆಂಬ ಆ ಭಾವನೆಯು ಉದಾತ್ತವಾದುದು. ಅದನ್ನು ಹೀಗಳೆಯುವುದು ತರವಲ್ಲ. ಆದರೆ ದಾನದಲ್ಲಿ ಕೊಡುವವನ ಇಚ್ಛೆಯೇ ಪ್ರಧಾನ. ಪಡೆಯುವವನು ಕೈಯೊಡ್ಡಿ ನಿಲ್ಲಬೇಕಾಗುತ್ತದೆ. ಕಾಗೋಡಿನವರು ದಾನವನ್ನು ಕೇಳಲಿಲ್ಲ, ಹಕ್ಕನ್ನು ಕೇಳಿದರು. ಭೂದಾನದಲ್ಲಿ ಬಂದ ನೆಲದಲ್ಲಿ ಬಹಳಷ್ಟು ಸಾಗುವಳಿಗೆ ಒದಗದ್ದಾಗಿತ್ತೆಂಬುದನ್ನು ನೆನೆದರೆ ಈ ಭೇದದ ಮಹತ್ತ್ವವು ತಿಳಿಯುತ್ತದೆ. ಹೊರದೇಶದ ಉದಾಹರಣೆ ಬೇಕೆಂದರೆ ಜಪಾನನ್ನು ನೋಡಬಹುದು. ಎರಡನೆಯ ಮಹಾಯುದ್ಧದಲ್ಲಿ ಸೋತ ಮೇಲೆ, 1946ರಿಂದ ಆಚೆಗೆ, ಅಲ್ಲಿಯ ಸರಕಾರವು ಊರಿನಲ್ಲಿಲ್ಲದ ಒಡೆಯರ ಭೂಮಿಯನ್ನು ಕೊಂಡು ಗೇಣಿದಾರರಿಗೆ ಮಾರಿತು.

ಮೈಸೂರು ಸಂಸ್ಥಾನದಲ್ಲಿ ಮೊದಲ ಹೆಜ್ಜೆಯು 1954ರ ಇನಾಂ ರದ್ದಿಯಾತಿ ಕಾಯಿದೆ. ಇನಾಮಾಗಿ ಬಂದ ಭೂಮಿಯ ಮೇಲಿನ ಇನಾಂದಾರಿಕೆಯು ಇದರಿಂದ ಕೊನೆಗೊಂಡಿತು. ದೇವಸ್ಥಾನ ಮತ್ತು ಧರ್ಮಸಂಸ್ಥೆಗಳ ಇನಾಮುಗಳಿಗೆ 1955ರಲ್ಲಿ ಪ್ರತ್ಯೇಕ ಕಾಯಿದೆ ಬಂದಿತು. ಅಗ್ರಹಾರಗಳ ಬುಡಕ್ಕೆ ತಗುಲಿದ ಮೊದಲ ಸಲಿಕೆಯಿದು. ಕದೀಂ ಗೇಣಿದಾರರೆನಿಸಿದ್ದ ಬಹುಕಾಲದ ರೈತರಿಗೆ ಹಕ್ಕು ದೊರೆಯುವ ಹಾದಿ ತೆರೆಯಿತು. ರಾಜ್ಯಗಳ ಪುನರ್ವಿಂಗಡಣೆಯ ತರುವಾಯ ಬಿ. ಡಿ. ಜತ್ತಿಯವರ ಅಧ್ಯಕ್ಷತೆಯ ಸಮಿತಿಯು ವಿವಿಧ ಪ್ರಾಂತ್ಯಗಳ ಗೇಣಿ ಕಾನೂನುಗಳನ್ನು ಪರಿಶೀಲಿಸಿತು. ಅದರ ಫಲವಾಗಿ 1961ರ ಭೂಸುಧಾರಣಾ ಕಾಯಿದೆ ರೂಪುಗೊಂಡಿತು. ಕಂದಾಯ ಖಾತೆಯನ್ನು ವಹಿಸಿದ್ದ ಕಡಿದಾಳ್ ಮಂಜಪ್ಪನವರ ಶ್ರಮ ಇದರ ಹಿಂದಿತ್ತು.

1961ರ ಕಾಯಿದೆಯು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು! ನಾಲ್ಕು ವರ್ಷಗಳ ಈ ಅಂತರವನ್ನು ಸುಮ್ಮನೆ ದಾಟಿ ಹೋಗಬಾರದು. ಮಳೆ ಬರುವುದೆಂದು ಮೊದಲೇ ತಿಳಿದವನು ಕಣವನ್ನು ಹೊದಿಸಿಕೊಳ್ಳದೆ ಇರುವನೇ? ಒಡೆಯರಿಗೆ ಭೂಮಿಯನ್ನು ಸ್ವಂತ ಸಾಗುವಳಿಗೆಂದು ಹಿಂದಕ್ಕೆ ಪಡೆಯಲು ಆ ಕಾಯಿದೆಯಲ್ಲಿಯೇ ಅವಕಾಶವಿತ್ತು. ಕಾಯಿದೆಯ ಶೀರ್ಷಿಕೆಯಲ್ಲಿ ಸುಧಾರಣೆಯಿತ್ತು, ಒಳಗೆ ಹಿಂಬಾಗಿಲೂ ಇತ್ತು. ವಿವಾದ ಬಂದರೆ ನ್ಯಾಯಾಲಯಕ್ಕೆ ಹೋಗಬೇಕು. ಅಲ್ಲಿ ವಕೀಲರು ಬೇಕು, ದಾಖಲೆ ಬೇಕು, ತಾಳ್ಮೆ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಹಣ ಬೇಕು. ಈ ನಾಲ್ಕರಲ್ಲಿ ಗೇಣಿದಾರನ ಬಳಿ ಇದ್ದುದು ಮೂರನೆಯದೊಂದೇ.

ಈ ಹಿಂಬಾಗಿಲನ್ನು ಮುಚ್ಚಿದವರು ಡಿ. ದೇವರಾಜ ಅರಸು. ರುದ್ರಪಟ್ಟಣದಿಂದ ಬಹುದೂರವಲ್ಲದ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಅರಸು 1972ರಲ್ಲಿ ಮುಖ್ಯಮಂತ್ರಿಯಾದರು. ಸ್ವತಃ ಆರು ಕಟ್ಟಿ ಬೇಸಾಯ ಮಾಡಿದವರಾದ್ದರಿಂದ ಅವರಿಗೆ ಹೊಲದ ಭಾಷೆ ಗೊತ್ತಿತ್ತು. ಅವರ ಸರಕಾರವು ತಂದ ತಿದ್ದುಪಡಿಯು 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಆ ದಿನಕ್ಕೆ ಗೇಣಿದಾರರ ಸಾಗುವಳಿಯಲ್ಲಿದ್ದ ಭೂಮಿಯೆಲ್ಲವೂ ಸರಕಾರದಲ್ಲಿ ನಿಹಿತವಾಯಿತು. ಒಡೆಯನು ಸ್ವಂತ ಸಾಗುವಳಿಗೆಂದು ಮರಳಿ ಪಡೆಯುವ ಮಾತೇ ಇಲ್ಲ. ಅಂದಿನಿಂದ ಒಡೆಯನ ಹಕ್ಕು ಪರಿಹಾರಧನಕ್ಕೆ ಸೀಮಿತ. ಗೇಣಿದಾರನು ಅರ್ಜಿ ಸಲ್ಲಿಸಿ ಅಧಿಭೋಗದ ಹಕ್ಕನ್ನು ಪಡೆಯತಕ್ಕದ್ದು. ಸೈನಿಕರ ಮತ್ತು ನಾವಿಕರ ಭೂಮಿಗೆ ವಿನಾಯಿತಿಯಿತ್ತು. ಕಾಫಿ ಮೊದಲಾದ ತೋಟದ ಬೆಳೆಗಳ ನೆಲವೂ ಹೊರಗುಳಿಯಿತು. ಆದಕಾರಣ ಇದೇ ಹಾಸನ ಜಿಲ್ಲೆಯ ಸಕಲೇಶಪುರದ ದೊಡ್ಡ ಕಾಫಿ ತೋಟಗಳು ಹಾಗೆಯೇ ಇದ್ದವು. ದೇವಸ್ಥಾನ, ಮಠಗಳಿಗೆ ಮಾತ್ರ ಅಂತಹ ವಿನಾಯಿತಿ ದೊರೆಯಲಿಲ್ಲ. ಅವುಗಳ ಗೇಣಿ ಭೂಮಿಯೂ ಹೋಯಿತು. ಬದಲಿಗೆ ವರ್ಷಾಶನವು ಗೊತ್ತಾಯಿತು. ಕಾಫಿಗೆ ಸಂದ ರಿಯಾಯಿತಿಯು ದೇವರಿಗೆ ಸಲ್ಲದೆ ಹೋದುದನ್ನು ಕುರಿತು ಅಂದು ಆಡಿಕೊಂಡವರಿದ್ದರು. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ.

ಕಲ್ಪನೆಯು ಎಷ್ಟೇ ದಿಟ್ಟವಾಗಿರಲಿ, ಅದನ್ನು ಹೊತ್ತು ನಡೆಯುವ ಉಪಕರಣವು ದೊರೆಯದಿದ್ದರೆ ಅದು ಭಾಷಣದಲ್ಲಿಯೇ ಮುಗಿಯುತ್ತದೆ. 1974ರ ತಿದ್ದುಪಡಿಯ ನಿಜವಾದ ಜಾಣ್ಮೆಯಿರುವುದು ಅದರ ಘೋಷಣೆಯಲ್ಲಲ್ಲ, ಅದರ ಉಪಕರಣಗಳಲ್ಲಿ. ಮೊದಲನೆಯದು ಏಳನೆಯ ನಮೂನೆ. ಗೇಣಿದಾರನು ತನ್ನ ಹೆಸರು, ಸರ್ವೆ ನಂಬರು, ಒಡೆಯನ ಹೆಸರು ಇಷ್ಟನ್ನು ತುಂಬಿ ಕೊಡುವ ಅರ್ಜಿಯಿದು. ಹಳ್ಳಿಯ ಜನರು ಇದನ್ನು ‘ಏಳನೇ ನಂಬರ್ ಫಾರಂ’ ಎಂದೇ ಕರೆದರು. ಶಾಲೆಯ ಮುಖವನ್ನೇ ಕಾಣದವರ ಪರವಾಗಿ ಓದಿದ ಹುಡುಗರು ಅದನ್ನು ಬರೆದುಕೊಟ್ಟು ಹೆಬ್ಬೆರಳಿನ ಗುರುತು ಹಾಕಿಸಿದರು. ತಾಮ್ರಪಟದಲ್ಲಿ ಸ್ಥಾನವಿಲ್ಲದಿದ್ದ ಹೆಸರಿಗೆ ಸರಕಾರಿ ಕಾಗದದಲ್ಲಿ ಒಂದು ಸಾಲು ದೊರೆಯಿತು. ಅರ್ಜಿಯ ಕಡೆಯ ದಿನವನ್ನು ಪುನಃ ಪುನಃ ಮುಂದೂಡಿ, ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಿದರು.

ಎರಡನೆಯದು ಭೂನ್ಯಾಯ ಮಂಡಳಿ. ನ್ಯಾಯಾಲಯಗಳ ಬದಲು ತಾಲ್ಲೂಕುಗಳಲ್ಲಿ ಮಂಡಳಿಗಳು ಏರ್ಪಟ್ಟವು. ಅಸಿಸ್ಟೆಂಟ್ ಕಮೀಷನರರು ಅಧ್ಯಕ್ಷರು; ಸರಕಾರವು ನೇಮಿಸಿದ ಸದಸ್ಯರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರೊಬ್ಬರು ಇರಲೇಬೇಕು. ಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿರಲಿಲ್ಲ. ಒಡೆಯನೂ ಗೇಣಿದಾರನೂ ತಮ್ಮ ತಮ್ಮ ಬಾಯಿಂದಲೇ ಹೇಳಿಕೊಳ್ಳಬೇಕು. ಪಕ್ಕದ ಹೊಲದವನು ಬಂದು ಇಂಥವನೇ ಉಳುತ್ತಿದ್ದನೆಂದು ನುಡಿದರೆ ಅದೂ ಸಾಕ್ಷ್ಯ. ತಲೆತಲಾಂತರದಿಂದ ಒಡೆಯನ ಎದುರು ಕುಳಿತು ಮಾತನಾಡದವನು ಅವನ ಸಮಕ್ಷಮದಲ್ಲಿ ‘ಈ ಗದ್ದೆ ನಾನು ಮಾಡಿದ್ದು’ ಎಂದು ಹೇಳಬೇಕಾಗಿ ಬಂದಿತು. ಇದು ಸುಲಭವಾದ ಕಾರ್ಯವಾಗಿರಲಿಲ್ಲ. ಹೆದರಿ ಅರ್ಜಿಯನ್ನೇ ಹಾಕದವರು, ಅನ್ನವಿಕ್ಕಿದ ಮನೆಯೆಂಬ ದಾಕ್ಷಿಣ್ಯದಿಂದ ಸುಮ್ಮನಾದವರು ಅನೇಕ ಊರುಗಳಲ್ಲಿದ್ದರು. ವಕೀಲರ ನಿಷೇಧವನ್ನು ಸುಪ್ರೀಂ ಕೋರ್ಟು 1987ರಲ್ಲಿ ಅಸಿಂಧುವೆಂದಿತು; ತಿದ್ದುಪಡಿಯ ಮುಖ್ಯಭಾಗವನ್ನು ಮಾತ್ರ ಎತ್ತಿಹಿಡಿಯಿತು.

ರಾಜ್ಯದಲ್ಲಿ ಒಟ್ಟು ಸುಮಾರು 8 ಲಕ್ಷ ಅರ್ಜಿಗಳು ಬಂದವು. ಅರ್ಧಕ್ಕಿಂತ ಹೆಚ್ಚಿನವು ಗೇಣಿದಾರರ ಪರವಾಗಿ ತೀರ್ಮಾನವಾದವು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳಲ್ಲಿ ಗೇಣಿಯು ಹೆಚ್ಚಾಗಿದ್ದುದರಿಂದ ಅಲ್ಲಿ ಆದ ಬದಲಾವಣೆಯೂ ಹೆಚ್ಚು. ಹಕ್ಕು ಪಡೆದವನು ಹದಿನೈದು ವರ್ಷ ಆ ಭೂಮಿಯನ್ನು ಮಾರುವಂತಿರಲಿಲ್ಲ. ಒಂದು ಕೈಯಿಂದ ಬಂದುದು ಸಾಲಗಾರನ ಮೂಲಕ ಮತ್ತೊಂದು ಕೈಗೆ ಹೋಗದಿರಲೆಂಬ ಎಚ್ಚರಿಕೆ ಅದು. ಕಾಯಿದೆಯ ಇನ್ನೊಂದು ಭಾಗವಾದ ಭೂಮಿತಿಯಾದರೋ ಅಷ್ಟು ಫಲ ಕೊಡಲಿಲ್ಲ. ಐವರ ಕುಟುಂಬಕ್ಕೆ ಹತ್ತು ಯೂನಿಟ್ಟು. ಉತ್ತಮ ನೀರಾವರಿಯಾದರೆ ಹತ್ತು ಎಕರೆ, ಕೊನೆಯ ದರ್ಜೆಯ ಖುಷ್ಕಿಯಾದರೆ ಐವತ್ತನಾಲ್ಕು ಎಕರೆ ಎಂದು ಲೆಕ್ಕ. ಕಾಗದದ ಮೇಲೆ ಕುಟುಂಬಗಳನ್ನು ಒಡೆಯುವುದು ಭೂಮಿಯನ್ನು ಒಡೆಯುವುದಕ್ಕಿಂತ ಸುಲಭವೆಂಬುದು ಬಹುಬೇಗ ತಿಳಿದುಹೋಯಿತು.

ಈ ಬದಲಾವಣೆಯಿಂದ ನೊಂದವರೂ ಇದ್ದರು; ಅವರನ್ನು ಮರೆತು ಬರೆಯುವುದು ನ್ಯಾಯವಲ್ಲ. ಭೂಮಾಲಿಕರೆಂದರೆ ಎಲ್ಲರೂ ಉಪ್ಪರಿಗೆಯ ಮೇಲಿದ್ದವರಲ್ಲ. ಎರಡು ಎಕರೆ ಗದ್ದೆಯನ್ನು ವಾರಕ್ಕೆ ಕೊಟ್ಟು ಬಂದ ಭತ್ತದಲ್ಲಿ ಬದುಕುತ್ತಿದ್ದ ವಿಧವೆ, ನೇಗಿಲು ಹಿಡಿಯಲಾರದ ಮುದುಕ, ಪರಸ್ಥಳದಲ್ಲಿ ಅಲ್ಪ ಸಂಬಳಕ್ಕಿದ್ದ ಉಪಾಧ್ಯಾಯ, ಇವರೂ ಒಡೆಯರ ಪಟ್ಟಿಯಲ್ಲಿದ್ದರು. ಇಂಥವರಿಗೆ ಪರಿಹಾರಧನವು ಬಂದ ವೇಗವೂ ಬಂದ ಮೊತ್ತವೂ ಸಮಾಧಾನಕರವಾಗಿರಲಿಲ್ಲ. ದೊಡ್ಡವನು ದಾರಿ ಹುಡುಕಿಕೊಂಡ, ಚಿಕ್ಕವನು ಸಿಕ್ಕಿಬಿದ್ದ ಎಂಬ ಆಕ್ಷೇಪಣೆಯು ಪೂರ್ಣವಾಗಿ ಸುಳ್ಳಲ್ಲ. ಮತ್ತೊಂದು ಕಡೆಯಲ್ಲಿ, ಗೇಣಿದಾರನ ಗದ್ದೆಯಲ್ಲಿಯೂ ಕೂಲಿ ಮಾಡುತ್ತಿದ್ದವರು ಇದ್ದರು; ಅವರಲ್ಲಿ ಬಹುಪಾಲು ದಲಿತರು. ನಾಟಿ, ಕಳೆ, ಕೊಯ್ಲುಗಳೆಲ್ಲ ಅವರ ಬೆನ್ನಿನ ಮೇಲೆಯೇ ನಡೆದರೂ, ಉಳುವವನೆಂಬ ಶಬ್ದದ ಅರ್ಥದೊಳಗೆ ಅವರು ಬರಲಿಲ್ಲ. ಅವರು ವಾಸವಾಗಿದ್ದ ಗುಡಿಸಲಿನ ನೆಲವು ಅವರದಾಗಲು ಕಾಯಿದೆಯಲ್ಲಿ ಏರ್ಪಾಡಿತ್ತು; ಹೊಲ ಮಾತ್ರ ದೊರೆಯಲಿಲ್ಲ. ಹೆಂಗಸರ ಹೆಸರೂ ಹಕ್ಕುಪತ್ರಗಳಲ್ಲಿ ವಿರಳವಾಗಿ ಕಾಣುತ್ತದೆ. ಮನೆಯ ಯಜಮಾನನೇ ಗೇಣಿದಾರನೆಂದು ಮಂಡಳಿಗಳು ಭಾವಿಸಿದವು. ತಾಮ್ರಪಟದ ಮರೆವು ಹೊಸ ಕಾಗದದಲ್ಲಿ ಬೇರೆಯ ರೂಪದಲ್ಲಿ ಮುಂದುವರಿಯಿತೆಂದೇ ಹೇಳಬೇಕು.

ಅಗ್ರಹಾರದ ಊರುಗಳಿಂದ ವಿದ್ಯಾವಂತರು ನಗರ ಸೇರಿದ್ದು ಈ ಕಾಯಿದೆಯಿಂದಲೇ ಎಂಬ ಮಾತು ಆಗಾಗ ಕೇಳಿಬರುತ್ತದೆ. ರುದ್ರಪಟ್ಟಣದ ಉದಾಹರಣೆಯು ಇದನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. 1974ಕ್ಕೆ ಬಹಳ ಮೊದಲೇ, ಇಂಗ್ಲಿಷ್ ವಿದ್ಯಾಭ್ಯಾಸ, ಅರಮನೆಯ ಆಶ್ರಯ, ಸರಕಾರಿ ಉದ್ಯೋಗ, ಮುಂದೆ ಆಕಾಶವಾಣಿ, ಇವುಗಳ ಸೆಳೆತಕ್ಕೆ ಸಿಕ್ಕಿ ಅಲ್ಲಿಯ ಕುಟುಂಬಗಳು ಮೈಸೂರು, ಬೆಂಗಳೂರುಗಳ ಹಾದಿ ಹಿಡಿದಿದ್ದವು. ಶ್ರೀಕಂಠನ್ ಅವರ ಸೇವೆಯೂ ಆಕಾಶವಾಣಿಯಲ್ಲಿಯೇ ನಡೆಯಿತು. ಭೂಮಿಯ ಕಾಯಿದೆಯು ಆಗಲೇ ಸಡಿಲವಾಗಿದ್ದ ಬೇರನ್ನು ಕಿತ್ತಿತು ಎನ್ನುವುದು ಹೆಚ್ಚು ಸರಿ. ನೆಲದ ಆಶ್ರಯ ತಪ್ಪಿದರೆ ಸಂಗೀತವು ಅಳಿಯುವುದೆಂಬ ಭಯವೂ ನಿಜವಾಗಲಿಲ್ಲ. ರುದ್ರಪಟ್ಟಣ ಸಹೋದರರೆಂದು ಪ್ರಸಿದ್ಧರಾದ ತ್ಯಾಗರಾಜನ್ ಮತ್ತು ತಾರಾನಾಥನ್ ಊರಿನ ಹೆಸರನ್ನು ದೇಶದ ಸಭೆಗಳಿಗೆಲ್ಲ ಕೊಂಡೊಯ್ದರು. ವಿದ್ವಾನ್ ಆರ್. ಕೆ. ಪದ್ಮನಾಭ ಅವರು ಹುಟ್ಟೂರಿಗೆ ಮರಳಿ ಬಂದು ತಂಬೂರಿಯ ಆಕಾರದ ಸಪ್ತಸ್ವರದೇವತಾ ಧ್ಯಾನಮಂದಿರವನ್ನು ಕಟ್ಟಿಸಿದರು. ಸಂಗೀತೋತ್ಸವವನ್ನೂ ನಡೆಸಿಕೊಂಡು ಬಂದರು. ವೃತ್ತಿಯ ಭತ್ತದಿಂದ ನಡೆಯುತ್ತಿದ್ದುದು ರಸಿಕರ ಕಾಣಿಕೆಯಿಂದಲೂ ನಡೆಯಬಲ್ಲದೆಂದು ಅಗ್ರಹಾರದ ಹಿರಿಯರು ಊಹಿಸಿರಲಿಕ್ಕಿಲ್ಲ.

1974ರ ತಿದ್ದುಪಡಿಯ ಹಿಂದೆ ಇದ್ದ ಇನ್ನೊಂದು ಭಾವನೆಯೆಂದರೆ, ಬೇಸಾಯ ಮಾಡದವನು ಬೇಸಾಯದ ನೆಲವನ್ನು ಕೊಳ್ಳಬಾರದೆಂಬುದು. ಇದನ್ನು ಕಾಯುತ್ತಿದ್ದ 79ಎ, 79ಬಿ ವಿಧಿಗಳನ್ನು 2020ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಯಿತು. ಆ ವಿಧಿಗಳು ಲಂಚಕ್ಕೆ ದಾರಿಯಾಗಿದ್ದವೆಂದೂ ರೈತನಿಗೆ ಒಳ್ಳೆಯ ಬೆಲೆ ಸಿಗದಂತೆ ತಡೆದಿದ್ದವೆಂದೂ ಒಂದು ಪಕ್ಷ. ಐವತ್ತು ವರ್ಷದ ಹಿಂದೆ ಊರಿನಿಂದ ಹೋದ ಒಡೆತನವು ನಗರದಿಂದ ಹೊಸ ವೇಷದಲ್ಲಿ ಬರುತ್ತದೆಂದು ಇನ್ನೊಂದು ಪಕ್ಷ. ರೈತ ಸಂಘಟನೆಗಳು ಬೀದಿಗಿಳಿದು ವಿರೋಧಿಸಿದವು. ವಿಧಿಗಳನ್ನು ತಪ್ಪಿಸಿ ನಡೆದ ಕ್ರಯಗಳು ಹಿಂದೆಯೂ ಇದ್ದುವೆಂಬ ಮಾತ್ರಕ್ಕೆ ಬೇಲಿಯೇ ಬೇಡವೆನ್ನುವುದು ವಿವೇಕವೆನಿಸುವುದಿಲ್ಲ. ದನ ನುಗ್ಗಿದ ಬೇಲಿಯನ್ನು ಕಟ್ಟುವುದು ಬೇಸಾಯಗಾರನ ರೂಢಿ.

ಗೇಣಿಯಾದರೂ ಅಳಿಯಿತೇ? ಕಾಯಿದೆಯ ಪ್ರಕಾರ ಅಳಿದಿದೆ. ಅರಕಲಗೂಡು, ಪಿರಿಯಾಪಟ್ಟಣ, ಹುಣಸೂರಿನ ಕಡೆ ಶುಂಠಿ ಬೆಳೆಯುವವರು ಹೊರಗಿನಿಂದ ಬಂದು, ವರ್ಷಕ್ಕೆ ಎಕರೆಗೆ ಇಷ್ಟೆಂದು ಹಣ ಮುಂಗಡ ಕೊಟ್ಟು ಹೊಲ ಪಡೆಯುತ್ತಾರೆ. ಒಪ್ಪಂದವು ಬಾಯಿಮಾತಿನದು. ಇಲ್ಲಿ ಉಳುವವನು ಹಣವಂತ, ನೆಲ ಕೊಟ್ಟವನು ಎರಡು ಮೂರು ಎಕರೆಯ ಬಡ ರೈತ; ಹಳೆಯ ಚಿತ್ರವು ತಲೆಕೆಳಗಾಗಿದೆ. ಅವನ ತಂದೆಯೋ ತಾತನೋ ಏಳನೆಯ ನಮೂನೆ ತುಂಬಿ ಪಡೆದ ನೆಲವೂ ಅದಾಗಿರಬಹುದು. ಪಹಣಿಯ ಒಂಬತ್ತನೆಯ ಕಲಮಿನಲ್ಲಿ ಒಡೆಯನ ಹೆಸರು, ಹನ್ನೆರಡನೆಯದರಲ್ಲಿ ಸಾಗುವಳಿದಾರನ ಹೆಸರು ಇರಬೇಕೆಂದು ನಿಯಮ. ಶುಂಠಿಯ ಹೊಲದ ಪಹಣಿಯನ್ನು ತೆಗೆಸಿ ನೋಡಿದರೆ ಎರಡು ಕಡೆಯೂ ಒಂದೇ ಹೆಸರು ಕಾಣುವುದು ವಾಡಿಕೆ.